ಗಾಳಿಯಂತ್ರದ ಬೇರಿಂಗ್‌ಗೆ ಕಿವಿಗೊಟ್ಟು: ನನ್ನ ಅನುಭವ

ಮಲ್ಪೆ ಬಂದರಿನಲ್ಲಿ ಅಪ್ಪ ದೋಣಿಯ ಇಂಜಿನಿಗೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ತಿರುಗುವ ಶಾಫ್ಟನ್ನು ಹೊತ್ತು ನಿಲ್ಲುವ ಯಾವ ಬೇರಿಂಗ್ ಹಾಳಾಗುತ್ತಿದೆ ಎಂದು ಅಷ್ಟರಲ್ಲೇ ಹೇಳುತ್ತಿದ್ದರು. ಮಣಿಪಾಲದ ಕೋಣೆಯೊಂದರಲ್ಲಿ ಕುಳಿತು ಗದಗ ಮತ್ತು ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಿಗೆ ನಾನು ಇಂದು ಮಾಡುತ್ತಿರುವುದೂ ಅದೇ ಕೆಲಸ. ರೆಕ್ಕೆಗಳ ಶಾಫ್ಟನ್ನು ಹೊತ್ತ ಮುಖ್ಯ ಬೇರಿಂಗ್, ರೆಕ್ಕೆಗಳ ನಿಧಾನದ ತಿರುಗಾಟವನ್ನು ವೇಗಕ್ಕೆ ಏರಿಸುವ ಗೇರ್‌ಬಾಕ್ಸ್, ವಿದ್ಯುತ್ ಉತ್ಪಾದಿಸುವ ಜನರೇಟರ್‌ಗಳಿಗೆ ಕೂರಿಸಿದ ಸೆನ್ಸರ್‌ಗಳು ಅಲ್ಲಿನ ಕಂಪನವನ್ನು ನನ್ನ ಪರದೆಗೆ ಕಳುಹಿಸುತ್ತವೆ.

ಆರಂಭದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಒಂದು ಯಂತ್ರದ ಕಂಪನ ಹಿಂದಿನ ವಾರಕ್ಕಿಂತ ಎರಡು ಪಟ್ಟು ಏರಿದ್ದನ್ನು ಕಂಡು ತಕ್ಷಣ ನಿಲ್ಲಿಸಲು ಹೇಳಿದೆ. ಇಬ್ಬರು ತಂತ್ರಜ್ಞರು ಸುಡುಬಿಸಿಲಿನಲ್ಲಿ ಎಂಬತ್ತು ಮೀಟರ್ ಏಣಿ ಹತ್ತಿ, ಎಲ್ಲವನ್ನೂ ತೆರೆದು ನೋಡಿದರು. ಏನೂ ಇರಲಿಲ್ಲ. ಹಿಂದಿನ ವಾರ ಗಾಳಿ ಮಂದವಾಗಿತ್ತು, ಈ ವಾರ ಜೋರಾಗಿ ಬೀಸಿತ್ತು, ಅಷ್ಟೇ. ಅವರ ಶ್ರಮ ವ್ಯರ್ಥವಾದದ್ದು ಇಂದಿಗೂ ನನ್ನನ್ನು ಕಾಡುತ್ತದೆ. ಅಂದಿನಿಂದ ಎರಡು ಮೆಗಾವಾಟ್ ಯಂತ್ರವೊಂದು 1500 ಕಿಲೋವಾಟ್ ಉತ್ಪಾದಿಸುವಾಗಿನ ಕಂಪನವನ್ನು ಅದೇ ಯಂತ್ರದ, ಅದೇ ಉತ್ಪಾದನೆಯ ಹಳೆಯ ದಾಖಲೆಗೆ ಮಾತ್ರ ಹೋಲಿಸುತ್ತೇನೆ. ಪಕ್ಕದ ಯಂತ್ರಕ್ಕೂ ಹೋಲಿಸುವುದಿಲ್ಲ. ಒಂದೇ ಕಾರ್ಖಾನೆಯಿಂದ ಬಂದ ಎರಡು ಗೇರ್‌ಬಾಕ್ಸ್‌ಗಳಿಗೂ ಒಂದೇ ದನಿ ಇರುವುದಿಲ್ಲ.

ಮುಖ್ಯ ಬೇರಿಂಗ್‌ನದು ಬೇರೆಯೇ ಕಷ್ಟ. ರೆಕ್ಕೆಗಳು ನಿಮಿಷಕ್ಕೆ ಹದಿನೈದು ಸುತ್ತು ತಿರುಗಿದರೆ ಒಂದು ಸುತ್ತಿಗೆ ನಾಲ್ಕು ಸೆಕೆಂಡು ಬೇಕು. ಇಷ್ಟು ನಿಧಾನದ ಮಿಡಿತ ಸಾಮಾನ್ಯ ಸೆನ್ಸರ್‌ನ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕೆಂದೇ ಬೇರೆ ಸೆನ್ಸರ್ ಬೇಕು, ದಾಖಲೆಯನ್ನೂ ನಿಮಿಷಗಟ್ಟಲೆ ತೆಗೆದುಕೊಳ್ಳಬೇಕು.

ಈಗ ಹೇಳಲೇಬೇಕಾದ ಯಂತ್ರದ ವಿಷಯಕ್ಕೆ ಬರುತ್ತೇನೆ. ಗದಗ ಕಡೆಯ ಆ ಯಂತ್ರದಲ್ಲಿ ಎಣ್ಣೆಯ ಉಷ್ಣತೆ ಸರಿಯಾಗಿತ್ತು, ಉತ್ಪಾದನೆ ಸರಿಯಾಗಿತ್ತು. ಹತ್ತು ನಿಮಿಷಕ್ಕೊಮ್ಮೆ ಬರುವ ಸರಾಸರಿ ಅಂಕಿಗಳಲ್ಲಿ ಹುಳುಕೇ ಕಾಣುತ್ತಿರಲಿಲ್ಲ. ಆದರೆ ಗೇರ್‌ಬಾಕ್ಸ್‌ನಿಂದ ಜನರೇಟರ್ ಕಡೆಗೆ ಹೋಗುವ ವೇಗದ ಶಾಫ್ಟ್‌ನ ಬಳಿಯ ಕಂಪನವನ್ನು ಆವರ್ತನಗಳಾಗಿ, ಅಂದರೆ ಸೆಕೆಂಡಿಗೆ ಎಷ್ಟು ಪೆಟ್ಟು ಎಂಬ ಲೆಕ್ಕದಲ್ಲಿ, ಬಿಡಿಸಿ ತೋರಿಸುವ ನಕ್ಷೆಯಲ್ಲಿ ಒಂದು ಸಣ್ಣ ಗೆರೆ ತಲೆ ಎತ್ತಿತ್ತು. ಆ ಬೇರಿಂಗ್‌ನಲ್ಲಿ ಅಲುಗದ ಹೊರಬಳೆಗೂ ಶಾಫ್ಟ್‌ಗೆ ಕೂತ ಒಳಬಳೆಗೂ ನಡುವೆ ಉರುಳುವ ಹದಿನಾರು ರೋಲರ್‌ಗಳು. ಶಾಫ್ಟ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುವಾಗ ಹೊರಬಳೆಯಲ್ಲಿ ಗಾಯವಿದ್ದರೆ ಸೆಕೆಂಡಿಗೆ ಸುಮಾರು 160 ಪೆಟ್ಟು ಬೀಳುತ್ತವೆ, ಒಳಬಳೆಯಲ್ಲಿದ್ದರೆ ಸುಮಾರು 240. ಗೆರೆ ಇದ್ದದ್ದು 240ರಲ್ಲಿ. ಅದರ ಎರಡೂ ಬದಿಗೆ, 215 ಮತ್ತು 265ರಲ್ಲಿ, ಪುಟ್ಟ ಗೆರೆಗಳಿದ್ದವು. ಒಳಬಳೆ ಶಾಫ್ಟ್ ಜೊತೆ ತಿರುಗುವುದರಿಂದ ಅದರ ಮೇಲಿನ ಗಾಯ ಒಂದು ಸುತ್ತಿನಲ್ಲಿ ಒಮ್ಮೆ ಭಾರದ ಅಡಿಗೆ ಬಂದು ಮತ್ತೆ ಹೊರಗೆ ಹೋಗುತ್ತದೆ. ಪೆಟ್ಟು ಹೆಚ್ಚುತ್ತದೆ, ತಗ್ಗುತ್ತದೆ. 25ರ ಅಂತರ ಬರುವುದು ಹಾಗೆ.

ಗೇರ್ ಹಲ್ಲುಗಳ ಸದ್ದಿನ ನಡುವೆ ಈ ಪೆಟ್ಟನ್ನು ಹಿಡಿಯುವುದು ಚೆಂಡೆಯ ಅಬ್ಬರದಲ್ಲಿ ಮದ್ದಳೆಯ ನುಡಿತವನ್ನು ಕೇಳಿಸಿಕೊಂಡ ಹಾಗೆ. ಕೆಳಗಿನ ಆವರ್ತನಗಳನ್ನೆಲ್ಲ ಸೋಸಿ ತೆಗೆದು, ಪ್ರತಿ ಪೆಟ್ಟಿಗೂ ಲೋಹ ಝೇಂಕರಿಸುವ ಮೇಲಿನ ಆವರ್ತನಗಳನ್ನಷ್ಟೇ ಇಟ್ಟುಕೊಂಡು, ಆ ಝೇಂಕಾರ ಎಷ್ಟು ಸಲ ಎದ್ದಿತೆಂದು ಎಣಿಸಬೇಕು. ಗಾಳಿಯೊಂದಿಗೆ ಶಾಫ್ಟ್ ವೇಗವೂ ಏರಿಳಿಯುವುದರಿಂದ ಗೆರೆ ಹರಡಿ ಮಸುಕಾಗುತ್ತದೆ. ಹಾಗಾಗಿ ಸೆಕೆಂಡಿನ ಲೆಕ್ಕ ಬಿಟ್ಟು ಸುತ್ತಿನ ಲೆಕ್ಕ ಹಿಡಿದೆ: ಒಂದು ಸುತ್ತಿಗೆ 9.6 ಪೆಟ್ಟು. ಮೂರು ವಾರ ನೋಡಿದೆ. ಗಾಳಿ ಹೇಗೇ ಬೀಸಲಿ, ಗೆರೆ 9.6ರಲ್ಲೇ ನಿಂತಿತ್ತು, ಅದರ ಎತ್ತರ ಮಾತ್ರ ಬೆಳೆಯುತ್ತಿತ್ತು.

ಆಗ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಜೂನ್ ಮತ್ತು ಜುಲೈ ಮಲ್ಪೆಯ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧದ ಕಾಲ. ಅಪ್ಪ ಇಂಜಿನ್ ಬಿಚ್ಚುತ್ತಿದ್ದದ್ದು ಆಗಲೇ. ಆದರೆ ಅದೇ ಮುಂಗಾರಿನ ಗಾಳಿ ಗದಗದ ಯಂತ್ರಗಳಿಗೆ ಸುಗ್ಗಿ. ಆ ತಿಂಗಳುಗಳಲ್ಲಿ ಯಂತ್ರ ನಿಂತರೆ ವರ್ಷದ ಗಳಿಕೆಗೇ ಪೆಟ್ಟು, ಜೋರು ಗಾಳಿಯಲ್ಲಿ ಕ್ರೇನ್ ಕೆಲಸವೂ ಆಗುವುದಿಲ್ಲ. ವೇಗದ ಶಾಫ್ಟ್‌ನ ಬೇರಿಂಗ್ ಒಂದನ್ನೇ ಆದರೆ ಗೋಪುರದ ಮೇಲೆಯೇ ಬದಲಿಸಬಹುದು. ಅದು ಪುಡಿಯಾಗಿ ಚೂರುಗಳು ಗೇರ್ ಹಲ್ಲಿಗೆ ಸಿಕ್ಕಿದರೆ ಇಡೀ ಗೇರ್‌ಬಾಕ್ಸನ್ನೇ ಕ್ರೇನ್‌ನಿಂದ ಇಳಿಸಬೇಕು.

ಫೋನ್ ಮಾಡಿ ಹೇಳಿದಾಗ ಸ್ಥಳದ ತಂತ್ರಜ್ಞರು, "ಸರ್, ಈ ಸಲ ಖಚಿತವೇ?" ಎಂದು ಕೇಳಿದರು. ಮೊದಲ ಸಲ ಬರಿಗೈಯಲ್ಲಿ ಇಳಿದವರಲ್ಲಿ ಅವರೂ ಒಬ್ಬರು. "ಒಳಬಳೆ. ಮೊದಲು ಎಣ್ಣೆಯ ಫಿಲ್ಟರ್ ನೋಡಿ" ಎಂದೆ. ಫಿಲ್ಟರ್‌ನಲ್ಲಿ ಮಿನುಗುವ ಚೂರುಗಳು ಸಿಕ್ಕವು. ಆಮೇಲೆ ಕ್ಯಾಮೆರಾ ಕೊಳವೆ ಇಳಿಸಿ ತೆಗೆದ ಚಿತ್ರ ನನ್ನ ಮೊಬೈಲ್‌ಗೆ ಬಂತು. ಒಳಬಳೆಯ ಮೇಲೆ, ಶಾಫ್ಟ್‌ಗೆ ಸಮಾನಾಂತರವಾಗಿ, ಕೂದಲೆಳೆಯಂಥ ಒಂದು ಬಿರುಕು. ಅದರ ಅಂಚಿನಲ್ಲಿ ಎಳ್ಳಿನಷ್ಟು ಲೋಹ ಕಿತ್ತು ಬಂದಿತ್ತು.

ಮೇ ಎರಡನೆಯ ವಾರ ಬೇರಿಂಗ್ ಬದಲಾಯಿತು. ಹೊಸ ಬೇರಿಂಗ್ ಕೂತ ಮೇಲೆ 1500 ಕಿಲೋವಾಟ್‌ನಲ್ಲಿ ಓಡುವ ತನಕ ಕಾದು ದಾಖಲೆ ತೆಗೆದೆ. 9.6ರಲ್ಲಿ ಏನೂ ಇರಲಿಲ್ಲ. ಹಳೆಯ ಹೋಲಿಕೆಯ ದಾಖಲೆಯನ್ನು ಬದಿಗಿಟ್ಟು, ಆ ಯಂತ್ರದ ಹೆಸರಿನ ಮುಂದೆ ಅಂದಿನ ದಿನಾಂಕ ಬರೆದೆ.