ಇಟಲಿ ವೈನ್ ಕೊಳ್ಳುವಾಗ ದ್ರಾಕ್ಷಿ ಹುಡುಕಬೇಡಿ, ಊರು ನೋಡಿ

ಬೆಂಗಳೂರಿನಲ್ಲಿ ವೈನ್ ಕೊಳ್ಳುವಾಗ ಶಿರಾಜ್, ಕ್ಯಾಬರ್ನೆ ಅಂತ ದ್ರಾಕ್ಷಿಯ ಹೆಸರು ಹೇಳಿ ನಮಗೆಲ್ಲ ಅಭ್ಯಾಸ. ಇಟಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬರೋಲೊ, ಕಿಯಾಂತಿ, ಸೊವಾವೆ ಇವೆಲ್ಲ ಊರು, ಪ್ರದೇಶಗಳ ಹೆಸರು. ಒಳಗಿರುವ ದ್ರಾಕ್ಷಿ ಯಾವುದು ಅಂತ ಎಷ್ಟೋ ಬಾಟಲಿಗಳ ಮೇಲೆ ಬರೆದೇ ಇರುವುದಿಲ್ಲ. ನಿಮಗೆ ಗೊತ್ತಿರಬೇಕು, ಅಷ್ಟೇ.

ಹಾಗಂತ ಎಲ್ಲಾ ಬಾಯಿಪಾಠ ಮಾಡಬೇಕಾಗಿಲ್ಲ. ಟೂರಿನ್‌ಗೆ ಓದಲು ಬಂದಿದ್ದೀರಾ? ನೀವಿರುವುದು ಪಿಯೆಮೊಂತೆ ಪ್ರಾಂತ್ಯದಲ್ಲಿ, ಅಲ್ಲಿನ ರಾಜ ನೆಬ್ಬಿಯೋಲೊ ದ್ರಾಕ್ಷಿ. ಬರೋಲೊ, ಬಾರ್ಬರೆಸ್ಕೊ ಎರಡೂ ಅದರದ್ದೇ. ನೋಡಲು ಬಣ್ಣ ತೆಳು, ಆದರೆ ಕುಡಿದರೆ ಬಾಯೆಲ್ಲ ಒಗರು. ಬರೋಲೊವನ್ನು ಕನಿಷ್ಠ 38 ತಿಂಗಳು ಇಡಲೇಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಹಾಗಾಗಿ ಬೆಲೆ ಜಾಸ್ತಿ. ಸ್ಟೂಡೆಂಟ್ ಜೇಬಿಗೆ 'ಲಾಂಗೆ ನೆಬ್ಬಿಯೋಲೊ' ಸರಿ: ಅದೇ ದ್ರಾಕ್ಷಿ, ಅದೇ ಗುಡ್ಡಗಳ ಕಡೆಯದ್ದು, ಕಾಯುವ ಕಾಲ ಮಾತ್ರ ಕಡಿಮೆ. ಅದೂ ಬೇಡವೆಂದರೆ ಬಾರ್ಬೆರಾ ಅನ್ನುವ ಇನ್ನೊಂದು ದ್ರಾಕ್ಷಿಯ ವೈನ್. ಸ್ವಲ್ಪ ಹುಳಿ, ಒಗರು ಕಡಿಮೆ, ದಿನದ ಊಟಕ್ಕೆ ನನ್ನ ಓಟು ಅದಕ್ಕೇ.

ತೊಸ್ಕಾನಾ (ಟಸ್ಕನಿ) ಪ್ರಾಂತ್ಯದಲ್ಲಿ ಸಾಂಜೊವೆಸೆ ದ್ರಾಕ್ಷಿಯದ್ದೇ ಕಾರುಬಾರು. ಕಿಯಾಂತಿಯಲ್ಲಿ ಅದು ಕನಿಷ್ಠ 70%, ಕಿಯಾಂತಿ ಕ್ಲಾಸಿಕೊದಲ್ಲಿ 80%, ಮೊಂತಾಲ್ಚಿನೊ ಊರಿನ ಬ್ರುನೆಲ್ಲೊದಲ್ಲಿ ಪೂರ್ತಿ ಅದೇ. ಕ್ಲಾಸಿಕೊ ಬಾಟಲಿ ಮೇಲೆ ಕರಿ ಹುಂಜದ ಗುರುತು ಇರುತ್ತದೆ, ಕಣ್ಣಿಗೆ ಬೇಗ ಬೀಳುತ್ತದೆ. ಬ್ರುನೆಲ್ಲೊ ದುಬಾರಿ ಅನಿಸಿದರೆ ಅದೇ ಊರಿನ 'ರೊಸ್ಸೊ ದಿ ಮೊಂತಾಲ್ಚಿನೊ' ತಗೊಳ್ಳಿ.

ಒಂದು ಕಡೆ ಮಾತ್ರ ಎಲ್ಲರೂ ಎಡವುತ್ತಾರೆ. 'ಮೊಂತೆಪುಲ್ಚಾನೊ ದಾಬ್ರುಜ್ಜೊ' ಅಂದರೆ ಅಬ್ರುಜ್ಜೊ ಪ್ರಾಂತ್ಯದ, ಮೊಂತೆಪುಲ್ಚಾನೊ ಅನ್ನುವ ದ್ರಾಕ್ಷಿಯ ವೈನ್. 'ವಿನೊ ನೊಬಿಲೆ ದಿ ಮೊಂತೆಪುಲ್ಚಾನೊ' ತೊಸ್ಕಾನಾದ ಮೊಂತೆಪುಲ್ಚಾನೊ ಅನ್ನುವ ಊರಿನದ್ದು, ಒಳಗಿರುವುದು ಮುಖ್ಯವಾಗಿ ಸಾಂಜೊವೆಸೆ. ಹೆಸರು ಬಿಟ್ಟರೆ ಒಂದಕ್ಕೊಂದು ನಂಟಿಲ್ಲ.

ದಕ್ಷಿಣಕ್ಕೆ ಹೋದಂತೆ ಕೆಲಸ ಸುಲಭ, ದ್ರಾಕ್ಷಿಯ ಹೆಸರನ್ನೇ ಜಾಸ್ತಿ ಬರೆಯುತ್ತಾರೆ: ಪುಲಿಯಾದ ಪ್ರಿಮಿತಿವೊ, ಸಿಸಿಲಿಯ ನೆರೊ ದಾವೊಲಾ, ಸಾರ್ದೀನಿಯಾದ ಕನ್ನೊನಾವು.

ಇನ್ನು ಬಾಟಲಿಯ ಕುತ್ತಿಗೆ ನೋಡಿ. ನೋಟು ಮುದ್ರಿಸುವ ಥರದ ಕಾಗದದ ಸಣ್ಣ ಪಟ್ಟಿ, ಅದರ ಮೇಲೆ ಒಂದು ನಂಬರು ಇದ್ದರೆ ಅದು ಸರ್ಕಾರಿ ಮುದ್ರಣಾಲಯದ್ದು. ಡಿಒಸಿಜಿ (DOCG) ಅನ್ನುವ ಸರ್ಕಾರಿ ದರ್ಜೆಯ ಬಾಟಲಿಗಳಿಗೆ ಇಂಥ ಗುರುತು ಕಡ್ಡಾಯ. ಆ ದರ್ಜೆ ಎಲ್ಲಕ್ಕಿಂತ ಮೇಲೆ, ಕೆಳಗೆ ಡಿಒಸಿ, ಅದರ ಕೆಳಗೆ ಐಜಿಟಿ. ಈ ವ್ಯವಸ್ಥೆಗೆ ಬುನಾದಿ ಬಿದ್ದಿದ್ದು 1963ರಲ್ಲಿ. ಯಾವ ಊರಿನ ದ್ರಾಕ್ಷಿ, ಎಕರೆಗೆ ಎಷ್ಟು ಇಳುವರಿ, ಎಷ್ಟು ತಿಂಗಳು ಇಡಬೇಕು ಅಂತೆಲ್ಲ ನಿಯಮ. ಆದರೆ ನಿಯಮ ಪಾಲಿಸಿದ ಮಾತ್ರಕ್ಕೆ ರುಚಿ ಇರಬೇಕಲ್ಲ! ತೊಸ್ಕಾನಾದ ಸಾಸಿಕಾಯಾ ಅನ್ನುವ ಭಾರೀ ವೈನ್ ವರ್ಷಗಟ್ಟಲೆ ಬರೀ 'ಟೇಬಲ್ ವೈನ್' ಅಂತ ಮಾರಾಟವಾಗುತ್ತಿತ್ತು, ಯಾಕೆಂದರೆ ಕ್ಯಾಬರ್ನೆ ಹಾಕಿದ್ದರು, ಅಲ್ಲಿನ ನಿಯಮದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. 1994ರ ಹೊತ್ತಿಗೆ ನಿಯಮವೇ ಅದರ ಹಿಂದೆ ಬಂತು. ಹಾಗಾಗಿ ಐಜಿಟಿ ಅಂದ ಕೂಡಲೇ ಮೂಗು ಮುರಿಯಬೇಡಿ.

'ಕ್ಲಾಸಿಕೊ' ಅಂದರೆ ಆ ಪ್ರದೇಶದ ಹಳೇ, ಮೂಲ ಭಾಗ. 'ರಿಸೆರ್ವಾ' ಅಂದರೆ ಇನ್ನಷ್ಟು ಕಾಲ ಇಟ್ಟಿದ್ದು. 'ಸುಪೆರಿಯೊರೆ' ಅಂತ ಇದ್ದರೆ ಸಾಮಾನ್ಯವಾಗಿ ಆಲ್ಕೋಹಾಲ್ ಸ್ವಲ್ಪ ಹೆಚ್ಚು.

ನಮ್ಮ ಊಟದ ಜೊತೆ ಏನು? ಖಾರಕ್ಕೆ ಬರೋಲೊ ಬೇಡ, ಒಗರು ಸೇರಿ ಖಾರ ಇನ್ನೂ ಉರಿಯುತ್ತದೆ, ದುಡ್ಡೂ ದಂಡ. ಕೋಳಿ ಸಾರಿಗೆ ತಣ್ಣಗಿನ ಲಾಂಬ್ರುಸ್ಕೊ ಚೆನ್ನಾಗಿ ಹೊಂದುತ್ತದೆ, ನೊರೆ ಬರುವ ಕೆಂಪು ವೈನ್, ಎಮಿಲಿಯಾ ಕಡೆಯದ್ದು. 'ಸೆಕ್ಕೊ' ಅಂದರೆ ಸಿಹಿ ಇಲ್ಲ, 'ಅಮಾಬಿಲೆ' ಅಂದರೆ ಸಿಹಿ ಇದೆ. ಕುಡಿದು ಅಭ್ಯಾಸ ಇಲ್ಲದವರಿಗೆ ಮೊಸ್ಕಾತೊ ದಾಸ್ತಿ, ಆಲ್ಕೋಹಾಲ್ ಸುಮಾರು 5% ಮಾತ್ರ.

ಸಸ್ಯಾಹಾರಿಗಳಿಗೆ ಒಂದು ಮಾತು. ವೈನ್ ತಿಳಿಯಾಗಿಸಲು ಮೊಟ್ಟೆಯ ಬಿಳಿ ಅಥವಾ ಹಾಲಿನ ಪ್ರೋಟೀನ್ ಬಳಸಿ ಅದು ಉಳಿದಿದ್ದರೆ ಲೇಬಲ್ಲಿನಲ್ಲಿ ಹೇಳಲೇಬೇಕು, ಆದರೆ ಮೀನಿನ ಅಂಟು ಬಳಸಿದ್ದಕ್ಕೆ ಆ ಕಡ್ಡಾಯವಿಲ್ಲ. ಅನುಮಾನ ಬಂದರೆ 'ವೆಗಾನೊ' ಅಂತ ಬರೆದಿರುವುದನ್ನೇ ಆರಿಸಿ.

ಕಾರು ಓಡಿಸುವವರು ಇನ್ನೂ ಹುಷಾರು. ಸಾಮಾನ್ಯ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಲೈಸೆನ್ಸ್ ಸಿಕ್ಕಿ 3 ವರ್ಷ ಆಗದವರಿಗೆ ಸೊನ್ನೆ. ಭಾರತದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿಕೊಡುವುದಿಲ್ಲ, ಹೊಸದಾಗಿ ಪರೀಕ್ಷೆ ಬರೆಯಬೇಕು. ಊರಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ್ದರೂ ಇಲ್ಲಿ ನೀವು ಹೊಸಬರೇ.

ಕೊನೆಗೆ ಒಂದು ತಮಾಷೆ. ಸೆಪ್ಟೆಂಬರ್‌ನಲ್ಲಿ ಸಂತೆಗೆ 'ಊವಾ ಫ್ರಾಗೊಲಾ' ಅನ್ನುವ ಕಪ್ಪು ದ್ರಾಕ್ಷಿ ಬರುತ್ತದೆ. ಮೂಸಿ ನೋಡಿ, ನಮ್ಮ ಬೆಂಗಳೂರು ಬ್ಲೂ ನೆನಪಾಗುತ್ತದೆ, ಎರಡೂ ಒಂದೇ ಅಮೆರಿಕನ್ ಕುಲದವು. ತಿನ್ನಲು ಅಡ್ಡಿಯಿಲ್ಲ. ಆದರೆ ಯುರೋಪಿನ ಕಾನೂನಿನ ಪ್ರಕಾರ ಅದರಿಂದ ವೈನ್ ಮಾಡಿ ಮಾರುವಂತಿಲ್ಲ. ಹಳ್ಳಿಯವರು ಮನೆ ಮಟ್ಟಿಗೆ ಮಾಡಿಕೊಳ್ಳುತ್ತಾರೆ. ಅಂಥ ಗೆಳೆಯರು ಸಿಕ್ಕರೆ ಬಿಡಬೇಡಿ.