ಒಂದು ಕಾದಂಬರಿ, ಐದು ತುಂಡು, ಸೆಂಟ್ರಲ್ ಲೈನಿನ ಐದು ಓದುಗರು

ಮುಂಬಯಿಯಲ್ಲಿ ಕನ್ನಡ ಓದುಗ ಬಳಗ ನಡೆಸಿದವರಿಗೆ ಇದರ ಕಷ್ಟವನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಪುಸ್ತಕ ತರಿಸಬಹುದು, ಜಾಗ ಹಿಡಿಯಬಹುದು, ಕಾಫಿ ಕಾಯಿಸಬಹುದು. ಓದಿಕೊಂಡು ಬರುವವರನ್ನು ಎಲ್ಲಿಂದ ತರೋಣ? ಡೊಂಬಿವಲಿಯಲ್ಲಿ ಕೂತು ಹತ್ತು ಹನ್ನೆರಡು ವರ್ಷ ಇದೇ ಚಿಂತೆ ಮಾಡಿದೆ. ಈಗ ಸುಮಾರು ಮೂರು ವರ್ಷದಿಂದ ನಮ್ಮ ಓದು ನಿಂತಿಲ್ಲ. ಕಾದಂಬರಿಯನ್ನು ಬಿಚ್ಚಿ ತುಂಡು ಮಾಡಿ, ಒಬ್ಬರಿಂದ ಒಬ್ಬರಿಗೆ ಸರಪಳಿಯ ಹಾಗೆ ಸಾಗುವಂತೆ ಹಂಚುತ್ತೇನೆ ಅಂದಾಗ "ಸರಸ್ವತಿಗೆ ಕತ್ತರಿ ಹಾಕ್ತೀರೇನ್ರೀ?" ಅಂತ ಎದ್ದು ಹೋದವರೇ ಇವತ್ತು ಫೋನ್ ಮಾಡಿ, ಮುಂದಿನ ಸರಪಳಿಗೆ ನಮ್ಮ ಹೆಸರೂ ಇರಲಿ ಅನ್ನುತ್ತಾರೆ. ಅದಕ್ಕೇ ಬರೆಯಲು ಕೂತೆ.

ಮೊದಲು ದುಡ್ಡು ಹೋದ ದಾರಿ ಹೇಳಿಬಿಡುತ್ತೇನೆ. ತಿಂಗಳಿಗೊಂದು ಸಭೆ ಮಾಡುತ್ತಿದ್ದೆವು. ಹಾಲ್ ಬಾಡಿಗೆ 1,500, ಮೈಕು 500ರ ಸುಮಾರು, ಇಡ್ಲಿ, ವಡೆ, ಕಾಫಿ ಎಲ್ಲ ಸೇರಿ ಒಂದು ಸಂಜೆಗೆ 4,000ದ ಹತ್ತಿರ. ಅರವತ್ತು ಕುರ್ಚಿ ಹಾಕಿದರೆ ಬಂದವರು ಹದಿನೈದು ಜನ, ಅದರಲ್ಲಿ ಓದಿ ಬಂದವರು ಮೂವರು. ಆ ಮೂವರಲ್ಲಿ ಒಬ್ಬರು ಗಂಟೆಗಟ್ಟಲೆ ಮಾತಾಡುವವರು, ಉಳಿದಿಬ್ಬರು ಕೈಕಟ್ಟಿ ಕೇಳುವವರು. ಆಮೇಲೆ ಸೊಸೈಟಿ ಆಫೀಸಿನಲ್ಲಿ ಕಪಾಟು ಇಟ್ಟೆವು. ಕಪಾಟಿಗೆ 9,000, ಪುಸ್ತಕಕ್ಕೆ 20,000 ಮೇಲೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅರ್ಧ ಪುಸ್ತಕ ಮರಳಿ ಬರಲಿಲ್ಲ, ಇದ್ದ ಅರ್ಧಕ್ಕೆ ಬೂಷ್ಟು ಹಿಡಿಯಿತು. ಓದಿದವರಿಗೆ ಬಹುಮಾನ ಇಟ್ಟೂ ನೋಡಿದೆವು. ಬಹುಮಾನದ ವರ್ಷ ಓದಿದವರು ಮರುವರ್ಷ ಪುಸ್ತಕ ಮುಟ್ಟಲಿಲ್ಲ.

ನಮ್ಮವರಿಗೆ ಓದುವ ಮನಸ್ಸಿಲ್ಲ ಅಂತ ನಾನು ಯಾವತ್ತೂ ಒಪ್ಪಿದವನಲ್ಲ. ಲೋಕಲ್‌ನಲ್ಲಿ ದಿನಕ್ಕೆ ಎರಡು ಗಂಟೆಯ ರೈಲು ಪ್ರಯಾಣ ಇದೆಯಲ್ಲ. ಆದರೆ 480 ಪುಟದ ಕಾದಂಬರಿ ಅರ್ಧ ಕಿಲೋ ಮೇಲೆ ತೂಗುತ್ತದೆ. ಒಂದು ಕೈ ಹಿಡಿಕೆಗೆ ಬೇಕು. ಬೆಳಗಿನ ಫಾಸ್ಟ್ ಗಾಡಿ ಠಾಣೆ ದಾಟಿದ ಮೇಲೆ ನಮ್ಮ ಎದೆಗೂ ಮುಂದಿನವರ ಬೆನ್ನಿಗೂ ನಡುವೆ ಇರೋದು ಗೇಣು ಜಾಗ. ದಪ್ಪ ಪುಸ್ತಕ ಮನೆಯಲ್ಲೇ ಉಳಿಯುತ್ತದೆ, ಮನೆಯಲ್ಲಿ ಟೀವಿ ಇರುತ್ತದೆ.

ಹಾಗಾಗಿ ಕತ್ತರಿಸಿದೆ. ಹೊಲಿಗೆ ಹಾಕಿದ ಪುಸ್ತಕವೇ ಬೇಕು, 16 ಪುಟದ ಫಾರಂಗಳು, ಅಂದರೆ ಒಂದೊಂದು ದೊಡ್ಡ ಹಾಳೆ ಮಡಿಸಿ ಮಾಡಿದ ಕಟ್ಟುಗಳು, ಬೇರೆ ಬೇರೆಯಾಗಿ ಕಾಣಬೇಕು. 480 ಪುಟಕ್ಕೆ 30 ಫಾರಂ. ಆರಾರು ಫಾರಂ ಸೇರಿಸಿದರೆ 96 ಪುಟದ ಐದು ತುಂಡು, ಒಂದೊಂದೂ 150 ಗ್ರಾಂ ಒಳಗೆ. ಬೆನ್ನಿಗೆ ನೀರಾದ ಮೈದಾ ಅಂಟು ಸವರಿ ಹಳೆಯ ಗೋಂದು ಮೆತ್ತಗಾಗಲು ಬಿಡುತ್ತೇನೆ. ಆಮೇಲೆ ಫಾರಂಗಳ ನಡುವೆ ಬ್ಲೇಡು ಆಡಿಸಿ ದಾರ ಮಾತ್ರ ಕತ್ತರಿಸಬೇಕು, ಹಾಳೆ ಎಳೆಯಬಾರದು. ತುಂಡಿಗೆ ಕ್ಯಾಲಿಕೋ ಬಟ್ಟೆಯ ಪಟ್ಟಿ, ಮೇಲೆ ದಪ್ಪ ರಟ್ಟಿನ ಬದಲು ಫೈಲಿನ ಕಾಗದ. ಗೋಂದು ಮಾತ್ರ ಮೈದಾದ್ದೇ, ಹುಳ ಹಿಡಿಯದಂತೆ ಮೈಲುತುತ್ತ ಹಾಕಿದ್ದು. ಎಷ್ಟಕ್ಕೆ ಎಷ್ಟು, ಯಾವಾಗ ಹಾಕೋದು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ದಾದರಿನ ಬೈಂಡರ್ ಒಬ್ಬರು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾರೆ.

ಬರೀ ಗೋಂದಿನಲ್ಲಿ ಅಂಟಿಸಿದ ಪರ್ಫೆಕ್ಟ್ ಬೈಂಡಿಂಗ್ ಪುಸ್ತಕಗಳು ಈ ಕೆಲಸಕ್ಕೆ ಬರುವುದಿಲ್ಲ. ಹಾಳೆಗಳು ಬಿಡಿಬಿಡಿಯಾಗುತ್ತವೆ, ಪಕ್ಕದಿಂದ ಹೊಲಿದರೆ ಒಳ ಅಂಚು ನುಂಗಿಹೋಗಿ ಪ್ರತಿ ಸಾಲಿನಲ್ಲೂ ಎರಡಕ್ಷರ ಮರೆಯಾಗುತ್ತವೆ. ಹಾಗೆ ಹಾಳಾದ ಮೂರು ನಾಲ್ಕು ಪುಸ್ತಕ ಇನ್ನೂ ನಮ್ಮ ಅಟ್ಟದ ಮೇಲಿವೆ, 1,500 ರೂಪಾಯಿಯ ಮಾಲು.

ಈಗ ಸರಪಳಿ. ಸೆಂಟ್ರಲ್ ರೈಲ್ವೆ ಲೈನಿನ ಡೊಂಬಿವಲಿ, ಠಾಣೆ, ಭಾಂಡುಪ್, ಘಾಟ್‌ಕೋಪರ್, ಮಾಟುಂಗಾ: ಐದು ಜನ, ಒಂದೇ ಪ್ರತಿ. ಡೊಂಬಿವಲಿಯವರು ಮೊದಲ ತುಂಡು ಮುಗಿಸಿ ಠಾಣೆಯವರಿಗೆ ಕೊಟ್ಟು ಎರಡನೆಯದನ್ನು ಹಿಡಿಯುತ್ತಾರೆ. ಹತ್ತು ದಿನಕ್ಕೊಂದು ತುಂಡು. ಕೊನೆಯವರು ಮುಗಿಸುವಾಗ ಮೂರು ತಿಂಗಳು. ತುಂಡನ್ನು ಕೈಯಿಂದ ಕೈಗೇ ಕೊಡಬೇಕು, ಕನಿಷ್ಠ ಐದು ನಿಮಿಷ ನಿಂತು ಮಾತಾಡಬೇಕು, ಮುಂದಿನ ಕಥೆ ಹೇಳಬಾರದು. ನನ್ನ ನಿಯಮ ಇಷ್ಟೇ. ನಮ್ಮ ಸಾಹಿತ್ಯ ಗೋಷ್ಠಿ ಅಂದರೆ ಪ್ಲಾಟ್‌ಫಾರ್ಮಿನ ಆ ಐದು ನಿಮಿಷ. ಹೆಚ್ಚಾಗಿ ಅದು ಅರ್ಧ ಗಂಟೆಯಾಗುತ್ತದೆ. ಸಭೆಯ ಹಾಲ್‌ನಲ್ಲಿ ಬಾಯಿ ಬಿಡದ ಭಾಂಡುಪಿನ ಅಕ್ಕ ಸ್ಟೇಶನ್ನಿನ ವಡಾಪಾವ್ ಗಾಡಿಯ ಪಕ್ಕದಲ್ಲಿ ನಿಂತು, ಆ ಸೊಸೆ ಅಷ್ಟು ಬೇಗ ಕ್ಷಮಿಸಬಾರದಿತ್ತು ಅಂತ ಜಗಳಕ್ಕೇ ನಿಲ್ಲುತ್ತಾರೆ. ಎದುರಿಗೆ ಒಬ್ಬರೇ ಇದ್ದರೆ, ಆ ಒಬ್ಬರೂ ಅದೇ ಪುಟಗಳನ್ನು ಈಗಷ್ಟೇ ಓದಿದ್ದರೆ, ಯಾರಿಗೂ ಸಂಕೋಚ ಇರುವುದಿಲ್ಲ.

ಅಧ್ಯಾಯ ಮುಗಿಯುವಲ್ಲಿ ಕತ್ತರಿಸಿ ಅಂತ ಎಲ್ಲರೂ ಹೇಳಿದರು. ಫಾರಂ ಅಧ್ಯಾಯವನ್ನು ನೋಡಿಕೊಂಡು ಮುಗಿಯುವುದಿಲ್ಲ, ವಾಕ್ಯದ ನಡುವೆಯೇ ಮುಗಿಯುತ್ತದೆ. ಅದೇ ದೊಡ್ಡ ಲಾಭವಾಯಿತು. ಒಂದು ಕಾದಂಬರಿಯ ಎರಡನೇ ತುಂಡು "ಅವನು ಬಾಗಿಲು ತೆರೆದಾಗ" ಅನ್ನುವಲ್ಲಿ ನಿಂತಿತ್ತು. ಠಾಣೆಯ ಮೇಷ್ಟ್ರು ರಾತ್ರಿ ಹತ್ತೂವರೆಗೆ ಡೊಂಬಿವಲಿಗೆ ಫೋನ್ ಮಾಡಿ, "ಸ್ವಾಮಿ, ಬಾಗಿಲಾಚೆ ಯಾರು? ಒಂದು ಸಾಲು ಓದಿಬಿಡಿ" ಅಂದರಂತೆ. ಇವರು ಒಂದು ಸಾಲಿನ ಬದಲು ಎರಡು ಪುಟ ಓದಿದರು. ಹದಿನೈದು ವರ್ಷದಿಂದ ಒಂದೇ ಸಂಘದ ಸದಸ್ಯರಾಗಿದ್ದು ನಮಸ್ಕಾರದಾಚೆ ಮಾತಾಡದ ಇಬ್ಬರು ಇವರು. ಈಗ ಮನೆಯವರ ಸಮೇತ ಹೋಗಿ ಬರುತ್ತಾರೆ.

ಪ್ರತಿ ತುಂಡಿನ ಕೊನೆಗೆ ನಾಲ್ಕು ಖಾಲಿ ಹಾಳೆ ಹೊಲಿಸುತ್ತೇನೆ. ಬರೆಯಲು ಪೆನ್ಸಿಲ್ ಮಾತ್ರ. ಮೊದಮೊದಲು "ಚೆನ್ನಾಗಿದೆ", "ಅದ್ಭುತ" ಅಂತ ಬರುತ್ತಿತ್ತು. ಪುಟದ ಸಂಖ್ಯೆ ಹಾಕಿಯೇ ಬರೆಯಿರಿ ಅಂದ ಮೇಲೆ ರಂಗೇರಿತು. ನನ್ನೆದುರಿಗಿರುವ ಒಂದು ಹಾಳೆಯಲ್ಲಿ ಹೀಗಿದೆ: "ಪು. 212. ಈ ಮಳೆ ನಮ್ಮ ಕುಂದಾಪುರದ್ದಲ್ಲ, ಬರೆದವರು ಕೊಡೆ ಹಿಡಿದು ನೋಡಿದ್ದು." ಕೆಳಗೆ ಮಾಟುಂಗಾದ ಶೆಟ್ರು: "ಇರಬಹುದು ಅಕ್ಕ. ಆದರೆ ಪತ್ರೊಡೆಗೆ ಹುಳಿ ಕಮ್ಮಿಯಾದರೆ ಗಂಟಲು ತುರಿಸುತ್ತೆ ಅಂದದ್ದು ಸರಿ." ಅದರ ಕೆಳಗೆ ವಿಜಯಪುರದ ಕಡೆಯವರೊಬ್ಬರು ಪತ್ರೊಡೆ ಅಂದರೇನು ಅಂತ ಕೇಳಿದ್ದಾರೆ. ಮುಂದಿನ ಒಂದೂವರೆ ಪುಟ ಅಡುಗೆಯ ವಿಧಾನವೇ. ಯಾವ ವಿಮರ್ಶೆಗಿಂತಲೂ ನನಗೆ ಇದು ಹೆಚ್ಚು.

ಸರಪಳಿ ಹರಿದದ್ದೂ ಉಂಟು. ಬೇರೆ ಬೇರೆ ಲೈನಿನ ಬೊರಿವಲಿಯವರು, ವಾಶಿಯವರು, ಕಲ್ಯಾಣದವರು ಬೆರೆತ ಸರಪಳಿ ಎರಡೇ ತಿಂಗಳಲ್ಲಿ ನಿಂತಿತು. ಸಂಜೆ ಆರೂವರೆಗೆ ದಾದರಿನ ಸೇತುವೆ ಮೇಲೆ ನಿಂತು ಸಾಹಿತ್ಯ ಮಾತಾಡಿ ನೋಡಿ, ಗೊತ್ತಾಗುತ್ತದೆ. ಒಂದು ಸರಪಳಿ ಅಂದರೆ ಒಂದೇ ಲೈನು, ಅಕ್ಕಪಕ್ಕದ ಸ್ಟೇಶನ್ನು. ಮೂರನೇ ತುಂಡು ಒಮ್ಮೆ ಗಾಡಿಯಲ್ಲೇ ಉಳಿದು ಹೋಯಿತು. 96 ಪುಟಕ್ಕಾಗಿ 450 ಕೊಟ್ಟು ಪೂರ್ತಿ ಪುಸ್ತಕ ತರಿಸಬೇಕಾಯಿತು. ಆಗಿನಿಂದ ಪ್ರತಿಯೊಬ್ಬರಿಂದ 200 ಠೇವಣಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಫೋರ್ಟಿನ ಆಫೀಸೊಂದಕ್ಕೆ ಡಬ್ಬಾವಾಲಾ ಕೈಯಲ್ಲಿ ಊಟದ ಜೊತೆ ತುಂಡು ಕಳಿಸಿದೆ. ಒಂದು ದಿನವೂ ತಪ್ಪದೆ ಮುಟ್ಟಿತು. ಆದರೆ ಕೊಟ್ಟವರು, ತಗೊಂಡವರು ಮುಖ ನೋಡಲಿಲ್ಲ, ಮಾತು ನಿಂತಿತು, ಮೂರನೇ ತುಂಡಿಗೆ ಓದೂ ನಿಂತಿತು. ಪುಣೆಯ ಒಬ್ಬರಿಗೆ ಅಂಚೆಯಲ್ಲಿ ಕಳಿಸುತ್ತೇವೆ. ಪುಸ್ತಕಗಳಿಗೆಂದೇ 2025ರ ಮೇ ತಿಂಗಳಲ್ಲಿ ಶುರುವಾದ ಜ್ಞಾನ ಪೋಸ್ಟ್‌ನಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಮೇಲೆ ತೆರಿಗೆ. ನಮ್ಮ ತುಂಡಿಗೆ ಅಳತೆ ಮಾಡಿದ ಹಾಗಿದೆ. ಮುಟ್ಟಿದ ದಿನ ಅವರು ಫೋನ್ ಮಾಡಲೇಬೇಕು, ಇಲ್ಲದಿದ್ದರೆ ಮುಂದಿನದು ಹೊರಡುವುದಿಲ್ಲ.

ಇಲ್ಲೇ ಹುಟ್ಟಿ ಕನ್ನಡ ಮಾತಾಡುವ, ಆದರೆ ಲಿಪಿ ಬಾರದ ಮಕ್ಕಳಿಗಾಗಿ ಎರಡು ಕಥೆಗಳನ್ನು ದೇವನಾಗರಿಯಲ್ಲಿ ಬರೆದು ಕೊಟ್ಟೆ. ಓದಿದರು, ನಕ್ಕರು. ಎ ಮತ್ತು ಏ, ಒ ಮತ್ತು ಓ ವ್ಯತ್ಯಾಸ ದೇವನಾಗರಿಯಲ್ಲಿ ಸರಿಯಾಗಿ ಕೂರದೆ ಒದ್ದಾಡಿದರು. ಅವರಲ್ಲಿ ಇಬ್ಬರು ಈಗ ಕನ್ನಡ ಅಕ್ಷರವನ್ನೇ ಕಲಿಯುತ್ತಿದ್ದಾರೆ. ಅದರ ಕಥೆ ಇನ್ನೊಮ್ಮೆ.

ಯಾವ ಪುಸ್ತಕ ಓಡುತ್ತದೆ? ಮುಂಬಯಿಯ ಕಥೆಯಾದರೆ ಹತ್ತು ದಿನದ ತುಂಡು ಆರೇ ದಿನಕ್ಕೆ ಕೈ ಬದಲಾಗುತ್ತದೆ. ಯಶವಂತ ಚಿತ್ತಾಲರ 1979ರ 'ಶಿಕಾರಿ' ಈ ನಗರದಲ್ಲೇ ನಡೆಯುವುದು ತಾನೇ. ನಮ್ಮವರು ಕಥೆಯ ಜಾಡು ಹಿಡಿದು ಭಾನುವಾರ ನಡೆಯಲು ಹೊರಟರು, ನಾನು ಹೇಳಿದ್ದೂ ಅಲ್ಲ. ಬಿಡಿ ಕಥೆಗಳ ಸಂಕಲನ ಮಾತ್ರ ಸರಪಳಿಗೆ ಒಗ್ಗಲಿಲ್ಲ. ಮುಂದಿನ ತುಂಡಿಗೆ ಯಾರೂ ಕಾಯುವುದಿಲ್ಲ.

ಈಗಿನ ಲೆಕ್ಕ: ಪುಸ್ತಕ 450, ಬೈಂಡಿಂಗ್ ತುಂಡಿಗೆ 40ರಂತೆ 200, ಕವರು ಇತ್ಯಾದಿ 50. ಐದು ಜನರ ಮೂರು ತಿಂಗಳ ಓದಿಗೆ 700 ರೂಪಾಯಿ, ತಲೆಗೆ 140. ಹಾಲ್‌ನಲ್ಲಿ ಮಾಡುತ್ತಿದ್ದ ಸಭೆಯ ಒಂದು ಸಂಜೆಯ ಖರ್ಚಿನಲ್ಲಿ ಐದು ಸರಪಳಿ ನಡೆಯುತ್ತವೆ. ಸದ್ಯ ನಾಲ್ಕು ನಡೆಯುತ್ತಿವೆ. ಗಣಪತಿ ಹಬ್ಬ ಮುಗಿದ ಮೇಲೆ ವೆಸ್ಟರ್ನ್ ಲೈನಿನಲ್ಲಿ ಬೊರಿವಲಿಯಿಂದ ಅಂಧೇರಿಯವರೆಗೆ ಒಂದು ಶುರು ಮಾಡುತ್ತಿದ್ದೇವೆ. ಅದಕ್ಕೆ ಹೊಲಿಗೆ ಬೈಂಡಿಂಗಿನ ದಪ್ಪ ಕಾದಂಬರಿ ಬೇಕು. ಊರಿಗೆ ಹೋದವರು ತರುವುದಾದರೆ, ಕೊಳ್ಳುವ ಮೊದಲು ಪುಸ್ತಕದ ತಲೆಯ ಕಡೆ ಬೆನ್ನನ್ನು ನೋಡಿ. ಫಾರಂಗಳು ಮಡಿಕೆ ಮಡಿಕೆಯಾಗಿ ಕಂಡರೆ ಮಾತ್ರ ದುಡ್ಡು ಕೊಡಿ.