ಒಂದು ಹಲ್ಲು ಕಮ್ಮಿ: ಹಳೇ ಸ್ಪ್ಲೆಂಡರ್‌ನಲ್ಲಿ ಘಟ್ಟದ ಒಳದಾರಿ

ಸಾಗರದಿಂದ ಕುಕ್ಕೆ ಸುಬ್ರಹ್ಮಣ್ಯದವರೆಗೆ, ಆದಷ್ಟೂ ಹೆದ್ದಾರಿ ಬಿಟ್ಟು, ಹಳೇ ಕಾರ್ಬೊರೇಟರ್ ಸ್ಪ್ಲೆಂಡರ್‌ನಲ್ಲಿ ಹೋಗಿ ಬಂದೆ. ಆಗಲ್ಲ ಅಂದವರೇ ಜಾಸ್ತಿ. ಶಿವಮೊಗ್ಗದಲ್ಲಿ ನನ್ನ ಜೊತೆ ಗಾಡಿ ಓಡಿಸುವವರೆಲ್ಲ 350 ಸಿಸಿ ಮೇಲಿನವರು. "ಲಗೇಜ್ ಕಟ್ಕೊಂಡು ಹುಲಿಕಲ್ ಹತ್ತಿಸಿ ನೋಡು, ಅರ್ಧಕ್ಕೇ ಇಳಿದು ತಳ್ತೀಯ" ಅಂದಿದ್ದರು. ಒಂದು ಕಡೆಯೂ ತಳ್ಳಲಿಲ್ಲ. ಬೇಕಂತಲೇ ಹುಲಿಕಲ್ ಘಾಟಿ ಪೂರ್ತಿ ಇಳಿದು, ಕೆಳಗೆ ಚಹಾ ಕುಡಿದು, ಅದೇ ದಾರಿಯಲ್ಲಿ ವಾಪಸ್ ಹತ್ತಿಸಿದೆ.

ಗುಟ್ಟು ಇಂಜಿನ್‌ನಲ್ಲಿ ಇಲ್ಲ, ಸ್ಪ್ರಾಕೆಟ್‌ನಲ್ಲಿದೆ, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರದಲ್ಲಿ. ಮೊದಲು ಹಿಂದಿನ ಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್ ಹಾಕಿಸಿದ್ದೆ. ಚೈನ್ ಸಾಲದೆ ಹೊಸದು ಕೊಳ್ಳಬೇಕಾಯಿತು. ಕೂಲಿ ಸೇರಿ ಸಾವಿರದ ಮೇಲೆ ಹೋಯಿತು. ಅಷ್ಟಾದರೂ ಚೈನ್ ಕವರ್‌ಗೆ ತಾಗಿ ಕರಕರ ಅನ್ನುತ್ತಿತ್ತು. ಅದನ್ನು ತೆಗೆಸಿ, ಇಂಜಿನ್ ಬದಿಯ ಮುಂದಿನ ಸ್ಪ್ರಾಕೆಟ್ ಬದಲಿಗೆ ಒಂದು ಹಲ್ಲು ಕಮ್ಮಿ ಇರುವುದು ಹಾಕಿಸಿದೆ. ಇನ್ನೂರು ರೂಪಾಯಿ ಒಳಗೆ ಮುಗಿಯಿತು. ಹಳೇ ಚೈನೇ ಸಾಕಾಯಿತು, ಹಿಂದಿನ ಅಡ್ಜಸ್ಟರ್ ಸ್ವಲ್ಪ ಎಳೆದರೆ ಸರಿ. ಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುವುದರಿಂದ ಕಿಲೋಮೀಟರ್ ಲೆಕ್ಕವೂ ತಪ್ಪಲ್ಲ. ಹೆದ್ದಾರಿಯಲ್ಲಿ 60 ದಾಟಿದರೆ ಇಂಜಿನ್ ಕೂಗುತ್ತದೆ, ಮೈಲೇಜ್ 65ರಿಂದ 55ರ ಹತ್ತಿರಕ್ಕೆ ಬಂತು. ಆದರೆ ಏರಿನಲ್ಲಿ ಎರಡನೇ ಗೇರ್ ಉಸಿರು ಕಟ್ಟದೆ ಎಳೆಯುತ್ತದೆ. ಇಳಿಜಾರಿನಲ್ಲಿ ಅದೇ ಎರಡನೇ ಗೇರ್ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಡ್ರಮ್ ಬ್ರೇಕ್‌ನವರಿಗೆ ಇದರ ಬೆಲೆ ಗೊತ್ತು. ಕಾರ್ಬೊರೇಟರ್‌ನ ಏರ್ ಸ್ಕ್ರೂ (ಪೆಟ್ರೋಲ್-ಗಾಳಿಯ ಹದ ಮಾಡುವ ತಿರುಪು) ಎಷ್ಟು ಸುತ್ತು ತಿರುಗಿಸಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ಒಂದು ಮಳೆಗಾಲವೇ ಹಿಡಿಯಿತು.

ಟೈರ್ ಗಾಳಿಯ ವಿಷಯಕ್ಕೆ ದುಡ್ಡು ಕಳೆದೆ. ಜಲ್ಲಿ ದಾರಿಗೆ ಗಾಳಿ ಇಳಿಸಬೇಕು ಅನ್ನುತ್ತಾರಲ್ಲ, ಹಿಂದಿನ ಚಕ್ರವನ್ನು 16 ಪಿಎಸ್‌ಐಗೆ ಇಳಿಸಿ ನೋಡಿದ್ದೆ. ಹಿಡಿತ ಚೆನ್ನಾಗಿತ್ತು. ಆದರೆ ಟೈರ್ ರಿಮ್ ಮೇಲೆ ಸರಿದು, ಟ್ಯೂಬನ್ನೂ ಎಳೆದುಕೊಂಡು ವಾಲ್ವ್ ಬುಡದಲ್ಲೇ ಕಿತ್ತಿತು. ಅದಕ್ಕೆ ಪ್ಯಾಚ್ ಕೂರಲ್ಲ. ಹೊಸ ಟ್ಯೂಬ್, ಆಟೋ ಬಾಡಿಗೆ, ಅರ್ಧ ದಿನ. ಈಗ ಮುಂದೆ 20, ಹಿಂದೆ 22ರ ಸುತ್ತ ಇಡುತ್ತೇನೆ, ಅದಕ್ಕಿಂತ ಕೆಳಗೆ ಇಲ್ಲ. ಒಬ್ಬನೇ ಇದ್ದು, ನಿಧಾನ ಹೋಗುವುದಾದರೆ ಮಾತ್ರ ಇದು. ಟಾರ್ ರಸ್ತೆ ಸಿಕ್ಕ ಕೂಡಲೇ ಕಾಲು ಪಂಪ್‌ನಲ್ಲಿ ಮತ್ತೆ ತುಂಬುತ್ತೇನೆ. ಟ್ಯೂಬ್ ಟೈರ್ ಹಳೇ ಕಾಲದ್ದು ಅಂತ ಬೈಯುವವರಿದ್ದಾರೆ. ಹಳ್ಳಿಯ ಸೈಕಲ್ ಶಾಪ್‌ನವರು ಹತ್ತು ನಿಮಿಷದಲ್ಲಿ ಪಂಕ್ಚರ್ ಹಾಕಿಕೊಡುವುದು ಟ್ಯೂಬ್‌ಗೆ ಮಾತ್ರ, ಅಲ್ವಾ?

ಲಗೇಜ್‌ಗೆ ಸಾವಿರಾರು ರೂಪಾಯಿಯ ಸ್ಯಾಡಲ್ ಬ್ಯಾಗ್ ಕೊಂಡಿದ್ದೆ. ಮಳೆಯಲ್ಲಿ ಮೊದಲ ದಿನವೇ ಒಳಗಿನ ಬಟ್ಟೆ ಪಚಪಚ. ವೆಲ್ಡ್ ಮಾಡಿಸಿದ ರ‍್ಯಾಕ್ ಜಲ್ಲಿಯ ಕುಲುಕಾಟಕ್ಕೆ ಬಿರುಕು ಬಿಟ್ಟಿತು. ಈಗ ಎರಡು ಗೊಬ್ಬರದ ಚೀಲ, ಒಳಗೆ ದಪ್ಪ ಪ್ಲಾಸ್ಟಿಕ್ ಕವರ್, ಹಳೇ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿ. ಇಷ್ಟೇ. ಒಟ್ಟು ಭಾರ ಎಂಟು ಕೆಜಿ ಇರಬಹುದು. ಗಾಡಿಯೇ 110 ಕೆಜಿ ಆಸುಪಾಸು. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಮಗುಚಿದರೂ ಒಬ್ಬನೇ ಎತ್ತಿ ನಿಲ್ಲಿಸಬಹುದು. 190 ಕೆಜಿ ಗಾಡಿಯಲ್ಲಿ ಹಿಂದೊಮ್ಮೆ ಹೀಗೇ ಜಾರಿದಾಗ ಪಿಕಪ್ ಕರೆಸಿ ಮೂರು ಸಾವಿರ ಕೊಟ್ಟಿದ್ದೆವು.

ಇನ್ನು ದಾರಿ. ಸಾಗರ ಬಿಟ್ಟು ಹೊಳೆಬಾಗಿಲು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಗಾಡಿ ದಾಟಿಸುವ ಲಾಂಚ್‌ಗೆ ಕಾಯುವ ಕೆಲಸ ಇಲ್ಲ. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದದ ಸೇತುವೆ, ಶರಾವತಿ ಹಿನ್ನೀರಿನ ಮೇಲೆ. ನಾಲ್ಕು ನಿಮಿಷದಲ್ಲಿ ದಾಟಿದೆ. ಲಾಂಚ್‌ನಲ್ಲಿ ಗಾಡಿ ನಿಲ್ಲಿಸಿಕೊಂಡು ನೀರು ನೋಡುತ್ತಾ ಹೋಗುವುದು ನನಗೆ ಇಷ್ಟವಿತ್ತು, ಆದರೆ ಆಚೆ ದಡದ ತುಮರಿ ಕಡೆಯ ಜನ ದಶಕಗಟ್ಟಲೆ ಪಟ್ಟ ಪಾಡಿನ ಮುಂದೆ ಅದೇನೂ ದೊಡ್ಡದಲ್ಲ. ಅಲ್ಲಿಂದ ನಿಟ್ಟೂರು, ಸಂಪೆಕಟ್ಟೆ, ನಗರ ಅನ್ನುವ ಊರು. ಸಾಗರದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಗೂಡಂಗಡಿಯ ಬಾಟಲಿ ಪೆಟ್ರೋಲ್‌ಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡಬೇಕು. ಈ ತುಂಡಿನಲ್ಲಿ ಕೊಡಚಾದ್ರಿಯನ್ನು ಬೆನ್ನ ಕಡೆಯಿಂದ ನೋಡುವ ಒಂದು ಮಣ್ಣಿನ ದಾರಿ ಇದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ವರ್ಷ ಅಲ್ಲಿ ಜೀಪ್‌ಗಳ ಸಾಲು ನಿಲ್ಲುತ್ತದೆ.

ಒಳದಾರಿ ಹುಡುಕುವುದೇ ಈ ಪ್ರವಾಸದ ನಿಜವಾದ ಕೆಲಸ. ಫೋನಿನ ಮ್ಯಾಪ್ ನನ್ನನ್ನು ಮತ್ತೆ ಮತ್ತೆ ಕಾಫಿ ಎಸ್ಟೇಟ್‌ನ ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಿಸಿದೆ. "ಈ ದಾರಿ ಹೋಗ್ತದಾ?" ಅಂತ ಕೇಳಿದರೂ ಉಪಯೋಗವಿಲ್ಲ, ಎಲ್ಲರೂ ಹೋಗ್ತದೆ ಅಂತಲೇ ಹೇಳುತ್ತಾರೆ. ಅವರು ನಡೆದು ಹೋಗುವ ಲೆಕ್ಕದಲ್ಲಿ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ನಾನು ಕೇಳುವುದು ಬೇರೆ: "ಈ ಕಡೆ ಬಸ್ ಬರ್ತದಾ? ಕೊನೇ ಬಸ್ ಎಷ್ಟೊತ್ತಿಗೆ?" ಬಸ್ ಬರುವ ದಾರಿಯಾದರೆ ಮೋರಿ ಗಟ್ಟಿ ಇದೆ, ಮರ ಬಿದ್ದರೂ ಬೆಳಗಾಗುವಷ್ಟರಲ್ಲಿ ಕಡಿದಿರುತ್ತಾರೆ ಅಂತ ಅರ್ಥ. ಬಸ್ ಇಲ್ಲ, ಹಾಲಿನ ಗಾಡಿ ಮಾತ್ರ ಬರುತ್ತದೆ ಅಂದರೆ ನಿಧಾನ ಹೋಗಬಹುದು. ಜೀಪ್ ಮಾತ್ರ ಅಂದರೆ ಒಂದು ಕಿಲೋಮೀಟರ್ ನಡೆದು ನೋಡಿ ಬರುತ್ತೇನೆ. ಮಾಸ್ತಿಕಟ್ಟೆ ಹತ್ತಿರ ಒಬ್ಬ ಹಿರಿಯರು ನನ್ನ ಗಾಡಿ ನೋಡಿ, "ಇದ್ರಲ್ಲಾ? ಆರಾಮ್ ಹೋಗ್ತದೆ ಮಾರಾಯ್ರೆ, ನಮ್ ಹುಡುಗ್ರು ಇದ್ರಲ್ಲೇ ಮೂಟೆ ಹೇರ್ಕೊಂಡು ಹೋಗೂದು" ಅಂದರು. ಶಿವಮೊಗ್ಗದ ಗೆಳೆಯರಿಗೆ ಈ ಮಾತು ಕೇಳಿಸಬೇಕಿತ್ತು.

ಆಗುಂಬೆ, ಶೃಂಗೇರಿ ಎಲ್ಲರಿಗೂ ಗೊತ್ತು, ಬಿಡಿ. ಶೃಂಗೇರಿಯಿಂದ ಕೆರೆಕಟ್ಟೆ ಮೇಲೆ ಕುದುರೆಮುಖದ ದಾರಿ ಹಿಡಿಯಲಿಲ್ಲ. ಅಲ್ಲಿ ಚೆಕ್‌ಪೋಸ್ಟ್‌ನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಕಾಡಿನ ಒಳಗೆ ನಿಲ್ಲುವ ಹಾಗಿಲ್ಲ. ಕಾಡಿಗೆ ಅದು ಒಳ್ಳೆಯದೇ. ನಾನು ನಿಂತು ನಿಂತು ಹೋಗುವವನು, ಹಾಗಾಗಿ ಜಯಪುರ, ಬಸರೀಕಟ್ಟೆ ಕಡೆಯಿಂದ ಹೊರನಾಡಿಗೆ ಹೋದೆ. ಈ ಇಡೀ ಪ್ರವಾಸದಲ್ಲಿ ಮತ್ತೆ ಹೋಗಲೇಬೇಕು ಅನಿಸಿದ ತುಂಡು ಇದು. ಅಡಿಕೆ ತೋಟ, ಗದ್ದೆ, ಮತ್ತೆ ಕಾಡು, ಪ್ರತಿ ತಿರುವಿಗೂ ಒಂದು ಹಳ್ಳ. ಹಳ್ಳ ದಾಟಿದ ಮೇಲೆ ಬ್ರೇಕ್ ಸ್ವಲ್ಪ ಒತ್ತಿಕೊಂಡೇ ಐವತ್ತು ಅಡಿ ಓಡಿಸಿ, ಡ್ರಮ್ ಒಣಗುತ್ತದೆ. ಹೊರನಾಡಿನಲ್ಲಿ ದೇವಸ್ಥಾನದ ಊಟ, ಮುನ್ನೂರೋ ನಾನ್ನೂರೋ ಕೊಟ್ಟು ರೂಮ್.

ಉಂಬಳದ (ಕಾಡಿನ ಜಿಗಣೆ) ಮೇಲೂ ಪ್ರಯೋಗ ಮಾಡಿದೆ. ಒಂದು ಕಾಲಿಗೆ ಹೊಗೆಸೊಪ್ಪು ನೆನೆಸಿದ ನೀರು, ಇನ್ನೊಂದಕ್ಕೆ ಬೇವಿನೆಣ್ಣೆಗೆ ಉಪ್ಪು. ಮಳೆ ನೀರಿಗೆ ಉಪ್ಪು ಅರ್ಧ ಗಂಟೆಯಲ್ಲಿ ತೊಳೆದು ಹೋಯಿತು. ಹೊಗೆಸೊಪ್ಪಿನ ಕಾಲಿಗೆ ಸಂಜೆವರೆಗೆ ಒಂದೋ ಎರಡೋ ಹತ್ತಿದವು ಅಷ್ಟೇ. ಕಾಲುಚೀಲಕ್ಕೇ ಹಚ್ಚಬೇಕು, ಚರ್ಮಕ್ಕಲ್ಲ.

ಕಳಸದಿಂದ ಹಿರೇಬೈಲ್ ಮೇಲೆ ಕೊಟ್ಟಿಗೆಹಾರ, ಅಲ್ಲಿ ನೀರುದೋಸೆ. ಮೂಡಿಗೆರೆ, ಹಾನುಬಾಳು, ಸಕಲೇಶಪುರ, ವನಗೂರು, ಬಿಸಿಲೆ. ಸಕಲೇಶಪುರದ ಕಡೆ ಆನೆ ಕಾಟ ಇದೆ, ನಾಲ್ಕೂವರೆಗೇ ಗಾಡಿ ನಿಲ್ಲಿಸುತ್ತಿದ್ದೆ. ಬಿಸಿಲೆಯ ವ್ಯೂ ಪಾಯಿಂಟ್‌ನಿಂದ ಎದುರಿಗೇ ಕುಮಾರಪರ್ವತ. ಮೋಡ ಸರಿಯಲಿ ಅಂತ ಎರಡು ತಾಸು ಕೂತೆ, ಸರಿಯಿತು.

ಖರ್ಚು ಹೇಳುತ್ತೇನೆ. ಶಿವಮೊಗ್ಗಕ್ಕೆ ವಾಪಸಾಗುವಷ್ಟರಲ್ಲಿ ಏಳುನೂರು ಕಿಲೋಮೀಟರ್ ಆಗಿರಬೇಕು, ಪೆಟ್ರೋಲ್ ಹದಿಮೂರು ಲೀಟರ್, ಹದಿನಾಲ್ಕು ನೂರು ರೂಪಾಯಿ ಹತ್ತಿರ. ರೂಮ್, ಊಟ, ಚಹಾ ಎಲ್ಲ ಸೇರಿ ಮೂರು ಸಾವಿರ. ಬಂದ ಮೇಲೆ ಎರಡೂ ಕಡೆ ಬ್ರೇಕ್ ಶೂ ಹೊಸದು, ನಾನ್ನೂರು. ಅಂದರೆ ಐದು ಸಾವಿರದ ಒಳಗೆ. ಇದರ ಅರ್ಧ ದಾರಿಗೆ ಹೋದ ಗೆಳೆಯರಿಗೆ ಹೋಮ್‌ಸ್ಟೇ ಒಂದಕ್ಕೇ ತಲೆಗೆ ಅಷ್ಟಾಗಿತ್ತು. ಅವರಲ್ಲಿ ಇಬ್ಬರು ಈಗ ಹಳೇ ನೂರು ಸಿಸಿ ಗಾಡಿ ಹುಡುಕುತ್ತಿದ್ದಾರೆ. ಡಿಸೆಂಬರ್‌ನಲ್ಲಿ ಜೋಯಿಡಾ, ಅಣಶಿ, ಕದ್ರಾ ಕಡೆ ಹೊರಡುತ್ತೇವೆ. ಮೂರೂ ಗಾಡಿಗೆ ಸ್ಪ್ರಾಕೆಟ್ ಈಗಲೇ ತಂದಿಟ್ಟಿದ್ದೇನೆ.